ಫೀಸಿಲ್ಲದ ದೇಶಕ್ಕೆ ಹನ್ನೆರಡು ಲಕ್ಷ ಯಾಕೆ?

ಜನವರಿಯಲ್ಲಿ ಊರಿಗೆ ಹೋದರೆ ನಮ್ಮ ಮನೆಯಲ್ಲಿ ಅಡಿಕೆ ಸುಲಿತದ ಗಡಿಬಿಡಿ. ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಸದ್ದು. ಈ ಸಲ ಅದರ ಮಧ್ಯೆ ಪಕ್ಕದ ಮನೆ ದೊಡ್ಡಪ್ಪ ಬಂದು ಕೂತರು. ಅವರ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. "ಅಲ್ಲ ಮಾರಾಯ, ಜರ್ಮನಿಯಲ್ಲಿ ಕಾಲೇಜು ಫ್ರೀ ಅಂತಾರೆ. ಮತ್ತೆ ಇವ ಹನ್ನೆರಡು ಲಕ್ಷ ಕೇಳ್ತಾನಲ್ಲ, ಅದು ಯಾವ ಲೆಕ್ಕ?"

ಕೈಗೆ ಸಿಕ್ಕಿದ ಮಂಡಿ ಪಟ್ಟಿಯ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದೆ. ನಾನು ಜರ್ಮನಿಯ ಆಖೆನ್ ಊರಿಗೆ ಬಂದು ಹನ್ನೆರಡು ವರ್ಷ ಆಯಿತು. ಪ್ರತಿ ವರ್ಷ ನಮ್ಮ ಕಡೆಯಿಂದ ಬರುವ ಹುಡುಗರು ಇದನ್ನೇ ಕೇಳುತ್ತಾರೆ. ಹಾಗಾಗಿ ಆ ಚೀಟಿಯನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಫ್ರೀ ಅನ್ನೋದು ಸುಳ್ಳಲ್ಲ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆರು ತಿಂಗಳಿಗೊಮ್ಮೆ ಸೆಮಿಸ್ಟರ್ ಶುಲ್ಕ ಅಂತ 100ರಿಂದ 350 ಯೂರೋ ಕಟ್ಟಬೇಕು, ಅಷ್ಟೇ. ಬಹಳ ಕಡೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತೆ. ಆದರೆ ಎರಡು ಕಡೆ ಹುಷಾರು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಕಡೆ, 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಫೀಸು ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000.

ಹಾಗಾದರೆ ಹನ್ನೆರಡು ಲಕ್ಷ? ಅದು ಫೀಸಲ್ಲ. ವೀಸಾಕ್ಕೆ ಮೊದಲು 'ಶ್ಪೆರ್‌ಕೊಂಟೊ' ಅನ್ನುವ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಊಟ-ಬಾಡಿಗೆ ದುಡ್ಡು ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಯೂರೋಗೆ 100 ರೂಪಾಯಿ ಹಿಡಿದರೂ 11,90,400. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ವಾಪಸ್ ಬರುತ್ತೆ. ಅಂದರೆ ದುಡ್ಡು ಯಾರ ಕೈಗೂ ಹೋಗಿಲ್ಲ, ಹುಡುಗ ಅದನ್ನೇ ತಿಂದು ಬದುಕುತ್ತಾನೆ. ಅದರಲ್ಲೇ ಹೆಲ್ತ್ ಇನ್ಶೂರೆನ್ಸ್‌ಗೆ ತಿಂಗಳಿಗೆ 140ರ ಮೇಲೆ ಹೋಗುತ್ತೆ. ಮೂವತ್ತು ವರ್ಷ ದಾಟಿದವರಿಗೆ ಇನ್ನೂ ಜಾಸ್ತಿ. ಸೀಟು ಸಿಕ್ಕ ದಿನವೇ ವಿದ್ಯಾರ್ಥಿ ಹಾಸ್ಟೆಲ್ಲಿಗೆ ಅರ್ಜಿ ಹಾಕಿ, ಪಾಳಿ ಉದ್ದ ಇರುತ್ತೆ.

ಈಗ ನಮ್ಮ ಕಡೆಯವರ ನಿಜವಾದ ತಲೆನೋವಿಗೆ ಬರೋಣ. "ತೋಟ ಇದೆಯಲ್ಲ, ಬ್ಯಾಂಕಲ್ಲಿ ಇಟ್ಟರಾಯ್ತು" ಅಂದರು ದೊಡ್ಡಪ್ಪ. ಆಗಲ್ಲ. ಪಹಣಿ ನೋಡಿ ಬೆಳೆಸಾಲ ಕೊಡುವ ಅದೇ ಬ್ಯಾಂಕು, ಓದಿನ ಸಾಲಕ್ಕೆ ಹೋದರೆ ಸಾಮಾನ್ಯವಾಗಿ ತೋಟ ಬೇಡ ಅನ್ನುತ್ತೆ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡೋಕೆ ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿ ಸೇರಿಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ತೋಟ ಹರಾಜು ಹಾಕೋಕೆ ಅವರಿಗೆ ಬರಲ್ಲ. ಅದಕ್ಕೇ ಮನೆ, ಸೈಟು ಇಲ್ಲಾ ಎಫ್‌ಡಿ ಕೇಳುತ್ತಾರೆ. ಬ್ಯಾಂಕುಗಳ ಮಾದರಿ ಯೋಜನೆ ಪ್ರಕಾರ ಅಡಮಾನ ಕೇಳೋದು ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ. ನಮ್ಮ ಹನ್ನೆರಡು ಅದನ್ನು ದಾಟುತ್ತಲ್ಲ.

ಸರಿ, ಮನೆ ಇಡೋಣ ಅಂದರೆ? ಮಲೆನಾಡಿನಲ್ಲಿ ಮನೆ ಇರೋದೇ ತೋಟದ ತಲೆಯಲ್ಲಿ. ಎಷ್ಟೋ ಮನೆಗಳಿಗೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಇಲ್ಲ. ಕೆಲವು ಬಗರ್ ಹುಕುಂ ಜಾಗದಲ್ಲಿವೆ. ಮೂರು ತಲೆಮಾರು ಬದುಕಿದ ಮನೆ, ಬ್ಯಾಂಕಿನ ವಕೀಲರ ಕಣ್ಣಿಗೆ ಮನೆಯೇ ಅಲ್ಲ. ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಯಲ್ಲಿದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಮಗ ಆರನೇ ಸೆಮಿಸ್ಟರಿನಲ್ಲಿರುವಾಗಲೇ ಓಡಾಟ ಶುರು ಮಾಡಿ. ಸೀಟು ಸಿಕ್ಕ ಮೇಲೆ ಅಲ್ಲ. ಇಲ್ಲಾಂದರೆ ಪೇಟೆಯಲ್ಲಿ ಸೈಟು ಇರುವ ನೆಂಟರ ಕಾಲು ಹಿಡಿಯಬೇಕು. ನಮ್ಮಪ್ಪಯ್ಯ ಹಿಡಿದಿದ್ದರು. ಆ ಭಾವ ಇವತ್ತಿಗೂ ಮದುವೆಮನೆಯಲ್ಲಿ ಸಿಕ್ಕರೆ ಅದನ್ನು ಎತ್ತದೆ ಬಿಡಲ್ಲ.

ಇನ್ನೊಂದು, ಐಟಿ ರಿಟರ್ನ್. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಾವ್ಯಾರೂ ಹಾಕಿರಲ್ಲ. ಸಾಲ ಕೊಡುವವರು ಅದನ್ನೇ ಕೇಳುತ್ತಾರೆ. ಮ್ಯಾಮ್ಕೋಸ್ (ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘ) ಅಥವಾ ಮಂಡಿಗೆ ಅಡಿಕೆ ಹಾಕಿದ ಪಟ್ಟಿಗಳನ್ನು ವರ್ಷವಾರು ಜೋಡಿಸಿಟ್ಟುಕೊಳ್ಳಿ, ಎರಡು ವರ್ಷ ಮೊದಲೇ ರಿಟರ್ನ್ ಹಾಕೋಕೆ ಶುರು ಮಾಡಿ. ಅದರಿಂದ ಇನ್ನೊಂದು ಲಾಭವೂ ಇದೆ. ಸ್ವಂತ ದುಡ್ಡು ಕಳಿಸುವಾಗ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕು ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತೆ. ರಿಟರ್ನ್ ಹಾಕಿದರೆ ಮಾತ್ರ ಅದು ವಾಪಸ್. ಈ 10 ಲಕ್ಷದ ಮಿತಿ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ಬ್ಯಾಂಕಿನ ಓದಿನ ಸಾಲದ ದುಡ್ಡಿಗೆ 2025ರ ಏಪ್ರಿಲಿನಿಂದ ಟಿಸಿಎಸ್ಸೇ ಇಲ್ಲ.

ಸಾಲ ಬೇಡ, ಅಡಿಕೆ ಮಾರಿಯೇ ಕಳಿಸುತ್ತೇವೆ ಅನ್ನುವವರು ಕ್ಯಾಲೆಂಡರ್ ನೋಡಿ. ತರಗತಿ ಶುರುವಾಗೋದು ಅಕ್ಟೋಬರಿನಲ್ಲಿ. ಅರ್ಜಿಗೆ ಬಹಳ ಕಡೆ ಜುಲೈ 15 ಕೊನೆ, ಕೆಲವು ಮಾಸ್ಟರ್ಸ್‌ಗೆ ಅದಕ್ಕೂ ಮೊದಲೇ. ವೀಸಾಕ್ಕೆ ಕೂರುವ ಹೊತ್ತಿಗೆ ದುಡ್ಡು ಅಕೌಂಟಿನಲ್ಲಿ ಇರಬೇಕು. ಹಾಗಾಗಿ ಮೇ ತಿಂಗಳೊಳಗೆ ಮಾರಿಬಿಡಿ. ರೇಟು ಇನ್ನೂ ಏರುತ್ತೆ ಅಂತ ರಾಶಿ ಅಡಿಕೆಯ ಚೀಲ ಕಾಯ್ತಾ ಕೂತು, ಮಗನ ಒಂದು ಸೆಮಿಸ್ಟರ್ ಕಳೆದವರನ್ನು ನಾನೇ ಕಂಡಿದ್ದೇನೆ.

ಚಿಲ್ಲರೆ ಖರ್ಚುಗಳು: ನಮ್ಮ ಮಾರ್ಕ್ಸ್ ಕಾರ್ಡು ಅಸಲಿ ಅಂತ ದೃಢಪಡಿಸುವ ಎಪಿಎಸ್ ಸರ್ಟಿಫಿಕೇಟ್ 2022ರ ನವೆಂಬರಿನಿಂದ ಕಡ್ಡಾಯ, 18,000 ರೂಪಾಯಿ. ಬಹಳ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ನೋಡುವ ಯೂನಿ-ಅಸಿಸ್ಟ್ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75 ಯೂರೋ, ಆಮೇಲೆ ತಲಾ 30. ವೀಸಾ 75.

ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ಅಂತಲೂ ನೋಡಿಕೊಳ್ಳಿ. ನಮ್ಮ ಇನಿಷಿಯಲ್ ಬಿಡಿಸಿದರೆ ಊರ ಹೆಸರು ಬರುತ್ತೆ, ಇಲ್ಲಿಯವರು ಅದನ್ನೇ ಮನೆತನದ ಹೆಸರು ಅಂದುಕೊಳ್ಳುತ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಇದ್ದಿದ್ದಕ್ಕೆ ನಾನು ಕಳಿಸಿದ ಮೊದಲ ದುಡ್ಡು ವಾಪಸ್ ಹೋಗಿತ್ತು.

ಏಜೆಂಟರ ವಿಷಯ. ನನ್ನ ಚಿಕ್ಕಮ್ಮನ ಮಗನಿಗೆ ಒಬ್ಬರು "ಜರ್ಮನ್ ಸರ್ಕಾರದ್ದೇ ಕಾಲೇಜು" ಅಂತ ಸೀಟು ಕೊಡಿಸಿದರು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಖಾಸಗಿ, ವರ್ಷಕ್ಕೆ 10,000 ಯೂರೋ ಮೇಲೆ. ಕರಪತ್ರದಲ್ಲಿ 'ಸ್ಟಾಟ್ಲಿಶ್ ಆನ್‌ಎರ್ಕಾಂಟ್' ಅಂತ ಇತ್ತು. ಹಾಗಂದರೆ ಸರ್ಕಾರದಿಂದ ಮಾನ್ಯತೆ ಪಡೆದದ್ದು ಅಂತ, ಸರ್ಕಾರದ್ದು ಅಂತಲ್ಲ. ನಮ್ಮಲ್ಲಿ ಕಾನ್ವೆಂಟ್ ಬೋರ್ಡಿನ ಕೆಳಗೆ 'ಸರ್ಕಾರದಿಂದ ಮಾನ್ಯತೆ ಪಡೆದಿದೆ' ಅಂತ ಸಣ್ಣಕ್ಕೆ ಬರೆದಿರುತ್ತಾರಲ್ವಾ, ಅದೇ. ಈ ಎರಡನೇ ಪದ ಕಂಡರೆ ಫೀಸು ಕೇಳದೆ ಸಹಿ ಹಾಕಬೇಡಿ.

ಪಾರ್ಟ್ ಟೈಮ್ ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಮಾಡಬಹುದು. ಮೊದಲ ಸೆಮಿಸ್ಟರಿನಲ್ಲಿ ಅದನ್ನು ನಂಬಿಕೊಳ್ಳಬೇಡಿ. ಜರ್ಮನ್ ಬರದವನಿಗೆ ಕೆಲಸ ಸಿಗೋಕೆ ಹೊತ್ತು ಹಿಡಿಯುತ್ತೆ.

ಮಕ್ಕಳನ್ನು ಕರೆದುಕೊಂಡು ಕೆಲಸಕ್ಕೆ ಬಂದ ಸಂಸಾರಗಳಿಗೆ ಲೆಕ್ಕ ಸುಲಭ. ಆರು ವರ್ಷಕ್ಕೆ ಶಾಲೆ ಕಡ್ಡಾಯ, ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಅನ್ನೋ ಮಾತೇ ಇಲ್ಲ. ಇಂಗ್ಲಿಷ್ ಬೇಕು ಅಂತ ಇಂಟರ್‌ನ್ಯಾಷನಲ್ ಸ್ಕೂಲಿಗೆ ಹಾಕೋಕೆ ಹೊರಟರೆ ಮಾತ್ರ ಜೇಬು ಖಾಲಿ. ಸಣ್ಣ ಮಕ್ಕಳಾದರೆ ಸುಮ್ನೆ ಇಲ್ಲಿಯ ಶಾಲೆಗೇ ಹಾಕಿ, ಒಂದು ವರ್ಷದಲ್ಲಿ ನಿಮ್ಮ ಜರ್ಮನ್ ತಿದ್ದುತ್ತಾರೆ. ಅದರ ಮೇಲೆ ಸರ್ಕಾರವೇ ಮಗುವಿಗೆ ತಿಂಗಳಿಗೆ 259 ಯೂರೋ 'ಕಿಂಡರ್‌ಗೆಲ್ಡ್' ಕೊಡುತ್ತೆ, ಕೆಲಸದ ವೀಸಾದವರಿಗೂ ಸಾಮಾನ್ಯವಾಗಿ ಸಿಗುತ್ತೆ. ಅರ್ಜಿ ನೀವೇ ಹಾಕಬೇಕು. ಸಾಗರದ ಕಡೆಯ ಒಬ್ಬರು ಇಲ್ಲಿಗೆ ಬಂದು ಎರಡು ವರ್ಷ ಹಾಕದೇ ಕೂತಿದ್ದರು. ಹಿಂದಿನದ್ದು ಅಂತ ಸಿಕ್ಕಿದ್ದು ಆರು ತಿಂಗಳದ್ದು ಮಾತ್ರ.