ನೀಲಿ ಬೆಳಕಿನಲ್ಲಿ ಪಾಮಿಟಿಕ್ ಆಮ್ಲದಿಂದ ಪೆಂಟಾಡೆಕೇನ್ ತಯಾರಿಸುವುದು

ಕ್ಲೋರೆಲ್ಲಾ ವೇರಿಯಾಬಿಲಿಸ್ ಎಂಬ ಹಸಿರು ಪಾಚಿಯಲ್ಲಿ ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಕಿಣ್ವವೊಂದಿದೆ: ಫ್ಯಾಟಿ ಆಸಿಡ್ ಫೋಟೋಡಿಕಾರ್ಬಾಕ್ಸಿಲೇಸ್, ಚಿಕ್ಕದಾಗಿ ಎಫ್‌ಎಪಿ. ಅದರ ಕೆಲಸವನ್ನು 2017ರಲ್ಲಿ ಫ್ರಾನ್ಸಿನ ಕಾದರಾಶ್‌ನ ಸಂಶೋಧಕರು ಪ್ರಕಟಿಸಿದರು. ಕಿಣ್ವದೊಳಗಿನ ಸಹಾಯಕ ಅಣುವಾದ ಎಫ್‌ಎಡಿ ನೀಲಿ ಬೆಳಕನ್ನು ಹೀರಿ ಕೊಬ್ಬಿನಾಮ್ಲದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಮ್ಲದ ತುದಿ ಕಾರ್ಬನ್ ಡೈಆಕ್ಸೈಡ್ ಆಗಿ ಕಳಚಿಹೋಗಿ, 16 ಇಂಗಾಲದ ಪಾಮಿಟಿಕ್ ಆಮ್ಲ 15 ಇಂಗಾಲದ ಪೆಂಟಾಡೆಕೇನ್ ಆಗುತ್ತದೆ. ಡೀಸೆಲ್‌ನಲ್ಲಿ ಇರುವುದೂ ಇಂಥ ಹೈಡ್ರೋಕಾರ್ಬನ್‌ಗಳೇ.

ತೊಡಕೆಂದರೆ, ಕಿಣ್ವವನ್ನು ದುಡಿಸುವ ಬೆಳಕೇ ಅದನ್ನು ಕೊಲ್ಲುತ್ತದೆ. ಒಳಗೆ ಕೊಬ್ಬಿನಾಮ್ಲ ಕೂತಿರದಿದ್ದಾಗ ನೀಲಿ ಬೆಳಕು ಬಿದ್ದರೆ ಕಿಣ್ವ ಬೇಗ ನಿಷ್ಕ್ರಿಯವಾಗುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ಜೀವಕೋಶ ಒಡೆಯುವ ಹಂತದಿಂದಲೇ ಮಂದ ಕೆಂಪು ದೀಪದಲ್ಲಿ ಕೆಲಸ ಮಾಡಿ, ನಳಿಕೆಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ವಿಫಲವಾದ ಪ್ರಯೋಗದಲ್ಲಿ ನಾವು ಮೊದಲು ಅನುಮಾನಿಸುವುದು ಕೋಣೆಯ ಟ್ಯೂಬ್‌ಲೈಟನ್ನೇ.

ಈ ಕಿಣ್ವದ ಜೀನ್ ಇರುವ ಇ. ಕೋಲೈ ಬ್ಯಾಕ್ಟೀರಿಯಾವನ್ನು 37 ಡಿಗ್ರಿಯಲ್ಲಿ ಬೆಳೆಸಿ. 600 ನ್ಯಾನೋಮೀಟರಿನಲ್ಲಿ ಒ.ಡಿ. (ಕೋಶಗಳು ಎಷ್ಟು ದಟ್ಟವಾಗಿವೆ ಎಂದು ತೋರುವ ಮಬ್ಬಿನ ಅಳತೆ) 0.7ರಿಂದ 0.8 ಮುಟ್ಟಿದಾಗ ಜೀನನ್ನು ಚಾಲೂ ಮಾಡುವ ಐಪಿಟಿಜಿಯನ್ನು 0.5 ಮಿಲಿಮೋಲಾರ್ ಹಾಕಿ, 17 ಡಿಗ್ರಿಗೆ ಇಳಿಸಿ 20 ಗಂಟೆ ಬಿಡಿ. ಕೋಶಗಳನ್ನು ಮಂಜುಗಡ್ಡೆಯ ಮೇಲಿಟ್ಟು ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಒಡೆದು), ಸೆಂಟ್ರಿಫ್ಯೂಜ್ ಮಾಡಿದಾಗ ಮೇಲೆ ನಿಲ್ಲುವ ತಿಳಿಯನ್ನೇ ಬಳಸಿ. ಶುದ್ಧೀಕರಿಸುವ ಆಸೆ ಬೇಡ: ಶುದ್ಧ ಕಿಣ್ವಕ್ಕಿಂತ ಕಚ್ಚಾ ತಿಳಿಯಲ್ಲಿ ಅದು ಹೆಚ್ಚು ಹೊತ್ತು ಬಾಳುತ್ತದೆ.

ಪಾಮಿಟಿಕ್ ಆಮ್ಲವನ್ನು ಮಿಲಿಲೀಟರಿಗೆ 8.5 ಮಿಲಿಗ್ರಾಂನಂತೆ ದ್ರಾವಕವಾದ ಡಿಎಂಎಸ್‌ಒದಲ್ಲಿ ಕರಗಿಸಿ. ಡಿಎಂಎಸ್‌ಒ ಸುಮಾರು 18 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಫ್ರಿಜ್ಜಿನಲ್ಲಿಡಬೇಡಿ. ಕತ್ತಲಲ್ಲಿ, ಪಾರದರ್ಶಕ ಗಾಜಿನ ಚಿಕ್ಕ ವಯಲ್‌ಗೆ 700 ಮೈಕ್ರೋಲೀಟರ್ ತಿಳಿ (ಪಿಎಚ್ ಸ್ಥಿರವಾಗಿಡುವ 100 ಮಿಲಿಮೋಲಾರ್ ಟ್ರಿಸ್ ಬಫರಿನಲ್ಲಿರುವುದು, ಪಿಎಚ್ 8.5) ಹಾಕಿ, ಕಲಕುತ್ತಾ 300 ಮೈಕ್ರೋಲೀಟರ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಪಿಎಚ್ ಇಳಿದರೆ ಆಮ್ಲ ಬಿಳಿ ಪುಡಿಯಾಗಿ ಬೇರ್ಪಡುತ್ತದೆ, ಕಿಣ್ವಕ್ಕೆ ಸಿಗುವುದಿಲ್ಲ. ಕೈಗವಸು ಮರೆಯಬೇಡಿ, ಡಿಎಂಎಸ್‌ಒ ಚರ್ಮದ ಮೂಲಕ ಒಳಗಿಳಿಯುತ್ತದೆ.

ಇದಾದ ಮೇಲೆಯೇ 450 ನ್ಯಾನೋಮೀಟರಿನ ನೀಲಿ ಎಲ್ಇಡಿ ಹಚ್ಚಿ. ಕಿತ್ತಳೆ ಬಣ್ಣದ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಎಲ್ಇಡಿ ಪಟ್ಟಿ ವಯಲನ್ನು ಬಿಸಿ ಮಾಡುತ್ತದೆ, ಈ ಕಿಣ್ವ ಶಾಖ ತಾಳುವುದಿಲ್ಲ. ಫ್ಯಾನ್ ಇಟ್ಟು 30 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಅಗಲ ಪಾತ್ರೆಗೆ ಹೋದರೆ ಮಬ್ಬು ದ್ರಾವಣದ ನಡುವಿಗೆ ಬೆಳಕು ತಲುಪುವುದಿಲ್ಲ. ಪ್ರಮಾಣ ಹೆಚ್ಚಿಸುವವರು ಎಡವುವುದು ಇಲ್ಲೇ.

ಕೆಲವು ಗಂಟೆಗಳ ನಂತರ ಅಳತೆಯ ಹೋಲಿಕೆಗೆಂದು 5 ಮಿಲಿಮೋಲಾರ್ 1-ಆಕ್ಟನಾಲ್ ಬೆರೆಸಿದ 1 ಮಿಲಿಲೀಟರ್ ಈಥೈಲ್ ಅಸಿಟೇಟ್‌ನಿಂದ ಸೆಳೆದು, ನೀರಿಲ್ಲದ ಮೆಗ್ನೀಷಿಯಂ ಸಲ್ಫೇಟ್‌ನಿಂದ ಒಣಗಿಸಿ ಜಿಸಿಗೆ (ಬೆರಕೆಯ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್) ಕೊಡಿ. ಆಮ್ಲ ಪೂರ್ತಿ ಬದಲಾದರೂ ಸಿಗುವುದು ಸುಮಾರು 2.1 ಮಿಲಿಗ್ರಾಂ ಪೆಂಟಾಡೆಕೇನ್. ಹಾಳೆ ಸುತ್ತಿದ ವಯಲ್ ಒಂದನ್ನೂ ಜೀನ್ ಇಲ್ಲದ ಇ. ಕೋಲೈಯ ತಿಳಿಯನ್ನೂ ಜೊತೆಗಿಡಿ, ಇಲ್ಲದಿದ್ದರೆ ಕಂಡ ಪೀಕ್ ನಂಬುವಂತಿಲ್ಲ.

ಹೊಂಗೆ ಎಣ್ಣೆಯನ್ನು ನೇರವಾಗಿ ಸುರಿದರೆ ಏನೂ ಆಗದು. ಎಣ್ಣೆಯಲ್ಲಿ ಆಮ್ಲಗಳು ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ, ಎಫ್‌ಎಪಿಗೆ ಬೇಕಾದದ್ದು ಬಿಡಿ ಆಮ್ಲ. ಮೊದಲು ಕೊಬ್ಬು ಒಡೆಯುವ ಕಿಣ್ವವಾದ ಲೈಪೇಸ್‌ನಿಂದ ಬಿಡಿಸಿ. ಹೊಂಗೆಯಲ್ಲಿ ಹೆಚ್ಚಿರುವ ಓಲಿಯಿಕ್ ಆಮ್ಲದಿಂದ ಆಗ 17 ಇಂಗಾಲದ ಹೆಪ್ಟಾಡೆಸೀನ್ ಸಿಗುತ್ತದೆ.