ಬೈಲುಗದ್ದೆಗೆ ಮಣ್ಣು ತುಂಬಿಸುವ ಕೆಲಸ ನಾನು ಹಿಡಿಯುವುದಿಲ್ಲ

ಮಂಗಳೂರಿನಲ್ಲಿ ಮನೆ, ಅಂಗಡಿ ಕಟ್ಟಿಸಿಕೊಡುವ ಸಿವಿಲ್ ಎಂಜಿನಿಯರ್ ನಾನು. ಕ್ರೈಸ್ತನಾಗಿ ಈ ವೃತ್ತಿಯಲ್ಲಿ ಪರಿಸರವನ್ನು ಹೇಗೆ ಕಾಯುತ್ತೀರಿ ಎಂದು ಯಾರಾದರೂ ಕೇಳಿದರೆ ನನ್ನ ಎಸ್ಟಿಮೇಟ್ ತೋರಿಸುತ್ತೇನೆ. ಮಾಡಿನ, ಅಂದರೆ ಛಾವಣಿಯ, ಮಳೆನೀರನ್ನು ಬಾವಿಗೆ ಇಳಿಸುವ ಖರ್ಚು ಅದರಲ್ಲಿ ಮೊದಲೇ ಸೇರಿರುತ್ತದೆ. ಬೇಡ ಎನ್ನುವವರು ಬಾಯಿಬಿಟ್ಟು ಬೇಡ ಎನ್ನಬೇಕು. ಹಾಗೆ ಹೇಳುವವರು ಕಡಿಮೆ.

ಇಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಸಾವಿರ ಚದರಡಿ ಮಾಡಿನ ಮೇಲೆ ಬೀಳುವ ನೀರೇ ಮೂರು ಲಕ್ಷ ಲೀಟರಿಗೆ ಮಿಕ್ಕಿ. ಅದನ್ನೆಲ್ಲ ಚರಂಡಿಗೆ ಬಿಟ್ಟು, ಮೇ ತಿಂಗಳಲ್ಲಿ ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಮಿನ ಮಟ್ಟ ಎಷ್ಟಾಯಿತೆಂದು ಪೇಪರ್ ನೋಡುವವರು ನಾವು. ಬಾವಿಗೆ ಬಿಡುವ ಮುನ್ನ ನೀರು ಸೋಸಲು ಬೇಕಾದದ್ದು ಇನ್ನೂರು ಲೀಟರಿನ ಡ್ರಮ್, ಅಡಿಯಲ್ಲಿ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು, ನಡುನಡುವೆ ನೈಲಾನ್ ಬಲೆ. ಮೊದಲ ಮಳೆಯ ಕೊಳೆನೀರು ಹೊರಹೋಗಲು ಒಂದು ವಾಲ್ವ್. ಇಷ್ಟೇ. ಆದರೆ ಗುಡ್ಡದ ಅಂಚಿನ ಜಾಗದಲ್ಲಿ ನಾನು ಇಂಗುಗುಂಡಿ ತೋಡಿಸುವುದಿಲ್ಲ. ಮೇಲಿನ ಮುರಕಲ್ಲು (ಕೆಂಪುಕಲ್ಲು) ನೀರು ಕುಡಿಯುತ್ತದೆ, ಅದರಡಿಯ ಶೇಡಿಮಣ್ಣು ಎಂಬ ಮೆತ್ತನೆ ಜೇಡಿ ನೆನೆದರೆ ಜಾರುತ್ತದೆ. ಪುಣ್ಯ ಕಟ್ಟಿಕೊಳ್ಳಲು ಹೋಗಿ ಕೆಳಗಿನವರ ಮನೆ ಉರುಳಿಸಬಾರದಲ್ಲ.

ಕಷ್ಟದ ವಿಷಯ ಬೈಲು. ನಮ್ಮ ಮೂರು ಬಗೆಯ ಗದ್ದೆಗಳಲ್ಲಿ ಎತ್ತರದ್ದು ಬೆಟ್ಟು, ನಡುವಿನದು ಮಜಲು, ಎಲ್ಲಕ್ಕಿಂತ ತಗ್ಗಿನದು ಬೈಲು. ಮೇಲಿನ ನೀರೆಲ್ಲ ಅಲ್ಲಿ ನಿಂತು, ಇಂಗಿ, ಸುತ್ತಲಿನ ಬಾವಿಗಳಿಗೆ ಒರತೆಯಾಗುತ್ತದೆ. ಅದಕ್ಕೆ ಗುಡ್ಡ ಕಡಿದ ಕೆಂಪುಮಣ್ಣು ತುಂಬಿದರೆ ಮಳೆಗಾಲದಲ್ಲಿ ನೆರೆಮನೆಯ ಅಂಗಳಕ್ಕೆ ನೀರು, ಬೇಸಿಗೆಯಲ್ಲಿ ಅದೇ ಮನೆಯ ಬಾವಿಗೆ ಬರ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡಲು ಮತ್ತು ಕಾಯಲು. ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಬರೆದ 2015ರ 'ಲೌದಾತೋ ಸಿ' ಪತ್ರದಲ್ಲಿ ಇದೇ ವಚನ ಎತ್ತಿಕೊಂಡಿದ್ದಾರೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ನೆರೆಯವನ ಬಾವಿಗೂ ಅನ್ವಯಿಸುತ್ತದೆ ಎಂದು ನಾನು ನಂಬಿದ್ದೇನೆ. ಹಾಗಾಗಿ ಬೈಲು ತುಂಬಿಸುವ ಕೆಲಸ ಹಿಡಿಯುವುದಿಲ್ಲ.

ಇದರಿಂದ ಗದ್ದೆ ಉಳಿಯಿತೇ? ಹೆಚ್ಚಿನ ಸಲ ಇಲ್ಲ. ನಾನು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ, ಫೀಸು ಅವರ ಪಾಲಾಗುತ್ತದೆ. ನಮ್ಮವರೂ ಕಡಿಮೆಯಿಲ್ಲ: ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ತರುವ ಕುಟುಂಬವೇ ಅದೇ ವರ್ಷ ಗದ್ದೆಯನ್ನು ಲೇಔಟಿಗೆ ಕೊಡುತ್ತದೆ. ಮಗಳ ಮದುವೆ, ಸಾಲ, ಪಾಲುಪಟ್ಟಿ; ಕಾರಣಗಳು ಸುಳ್ಳಲ್ಲ. ಅವರಿಗೆ ಉಪದೇಶ ಮಾಡುವ ಮುಖ ನನಗಿಲ್ಲ, ಮಾಡಿದರೆ ಕೇಳುವವರೂ ಇಲ್ಲ.

ಅದಕ್ಕೇ ಈಗ ಬರೀ 'ಆಗುವುದಿಲ್ಲ' ಎಂದು ವಾಪಸ್ ಕಳಿಸುವುದಿಲ್ಲ. ಜಾಗಕ್ಕೆ ಹೋಗಿ ಲೆವೆಲ್ ತೆಗೆದು, ಮಜಲಿನ ಅಂಚಿನಲ್ಲೇ ಮನೆ ಕೂರಿಸುವ ನಕ್ಷೆಯೊಂದನ್ನು ಫೀಸಿಲ್ಲದೆ ಬರೆದುಕೊಡುತ್ತೇನೆ. ಒಂದು ಕಾಲಮ್ಮಿನಲ್ಲಿ ಆ ನಕ್ಷೆಯ ಖರ್ಚು, ಎರಡನೆಯದರಲ್ಲಿ ಬೈಲು ತುಂಬಿಸಿದರೆ ಮಣ್ಣಿನ ಲೋಡುಗಳೆಷ್ಟು, ತಡೆಗೋಡೆಗೆ ಎಷ್ಟು, ತುಂಬಿದ ಮಣ್ಣಿನಲ್ಲಿ ಅಡಿಪಾಯ ಎಷ್ಟು ಆಳಕ್ಕೆ ಹೋಗಬೇಕು ಎಂದು ಹೋಲಿಸಿ ಇಡುತ್ತೇನೆ. ವಚನಕ್ಕೆ ಬಗ್ಗದವರು ಕೆಲವೊಮ್ಮೆ ಆ ಎರಡನೆಯ ಕಾಲಮ್ಮಿಗೆ ಬಗ್ಗಿದ್ದಾರೆ.