ಹೊರಗಿರೋ ನಾಯಿಗೆ ಸರಪಳಿನಾ, ಜಾಳಿಗೆನಾ?

ನಮ್ಮ ಕಡೆ ಮುಧೋಳ ನಾಯಿ ಮರಿ ತಂದವರು ಮೊದಲು ಕೊಳ್ಳುವುದೇ ಸರಪಳಿ. ನಾವೂ ಹಾಗೇ ಮಾಡಿದೆವು. ತೋಟದ ಮನೆ ಮುಂದಿನ ಬೇವಿನ ಮರಕ್ಕೆ ನಮ್ಮ ನಾಯಿ ಚಿಂಗಿಯನ್ನು ಕಟ್ಟಿದೆವು, ನಾಲ್ಕೇ ತಿಂಗಳಲ್ಲಿ ಮರದ ಸುತ್ತ ಒಂದು ಎಸಳು ಹುಲ್ಲೂ ಉಳಿಯಲಿಲ್ಲ, ನೆಲ ಕಣದ ಹಾಗೆ ಗಟ್ಟಿಯಾಗಿತ್ತು. ಒಂದು ದಿನ ಮೈ ತೊಳೆಯೋಣ ಅಂತ ಬೆಲ್ಟ್ ಬಿಚ್ಚಿದರೆ ಕೊರಳಲ್ಲಿ ಕೂದಲು ಉದುರಿ, ತೊಗಲು ಕೆಂಪಗಾಗಿ ಜಿನುಗುತ್ತಿತ್ತು. ಕೈ ಹಚ್ಚಿದರೆ ಸುಮ್ನೆ ಕಣ್ಣು ಮುಚ್ಚಿ ನಿಂತಳು. ಅವತ್ತಿನಿಂದ ಅವಳನ್ನು ಆ ಮರಕ್ಕೆ ಕಟ್ಟಿಲ್ಲ.

ಮೊದಲು ನಿಮ್ಮ ನಾಯಿ ಹೇಗೆ ತಪ್ಪಿಸಿಕೊಳ್ಳುತ್ತದೆ ಅಂತ ಒಂದೆರಡು ದಿನ ಕೂತು ನೋಡಿ. ಅಂಗಡಿಗೆ ಹೋಗೋದು ಆಮೇಲೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ, ದೂರದಲ್ಲಿ ಮೊಲವೋ ಆಡಿನ ಹಿಂಡೋ ಕಂಡರೆ ಸಾಕು, ನೀವು ಕರೆಯುವುದು ಅದರ ಕಿವಿಗೆ ಬೀಳುವುದೇ ಇಲ್ಲ, ನಾಲ್ಕಡಿ ಗೋಡೆ ಅದಕ್ಕೆ ಲೆಕ್ಕವೂ ಅಲ್ಲ. ಕೆಲವು ನಾಯಿಗಳು ಹಾರುವುದಿಲ್ಲ, ಬೇಲಿಯ ಬುಡ ಕೆದರುತ್ತವೆ. ಇನ್ನು ಕೆಲವು ಗೇಟು ತೆಗೆಯುವುದನ್ನೇ ಕಾಯುತ್ತಾ ಕೂತಿರುತ್ತವೆ. ಹಾರುವ ನಾಯಿಗೆ ಎತ್ತರ ಬೇಕು, ಕೆದರುವ ನಾಯಿಗೆ ಬುಡ ಗಟ್ಟಿ ಬೇಕು, ಗೇಟಿನಲ್ಲಿ ನುಸುಳುವ ನಾಯಿಗೆ ಎರಡು ಗೇಟು ಬೇಕು: ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು.

ಜಾಗ ಇದ್ದರೆ ನನ್ನ ಆಯ್ಕೆ ಜಾಳಿಗೆ ಬೇಲಿ, ಎರಡನೇ ಮಾತೇ ಇಲ್ಲ. ಮುಧೋಳ ನಾಯಿಗೆ ಕಡಿಮೆ ಅಂದರೂ ಆರು ಅಡಿ ಎತ್ತರ ಇರಲಿ. ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಇಲ್ಲೇ ಬಹಳ ಜನ ಸೋಲುವುದು. ಮಳೆಗಾಲದಲ್ಲಿ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಅದೇ ಮಣ್ಣನ್ನು ತುಂಬಿ ನಿಲ್ಲಿಸಿದ ಕಂಬ ಒಂದೇ ವರ್ಷದಲ್ಲಿ ಅಲುಗಾಡತೊಡಗುತ್ತದೆ. ಎಂಟಡಿ ಕಂಬ ತಂದು ಎರಡಡಿ ಹುಗಿಯಿರಿ, ತೆಗ್ಗಿಗೆ ಎರೆಮಣ್ಣು ಬೇಡ, ಕಾಂಕ್ರೀಟ್ ಹಾಕಿ. ಮೂಲೆಯ ಕಂಬಗಳಿಗೆ ಓರೆಯಾಗಿ ಊರುಗೋಲು ಕೊಡಿಸಿ. ಬುಡದ ಒಳಬದಿಗೆ ಹಳೆ ಫರಸಿ ಕಲ್ಲು ಸಾಲಾಗಿ ಹಾಸಿದರೆ ಕೆದರುವ ನಾಯಿ ಉಗುರು ಸವೆಸಿಕೊಂಡು ಬೇಸತ್ತು ಬಿಡುತ್ತದೆ. ಗೇಟಿನ ಕೆಳಗಿನ ಸಂದಿಯನ್ನೂ ನೋಡಿ, ಅಲ್ಲಿ ನಿಮ್ಮ ಮುಷ್ಟಿ ಹೋದರೆ ಮರಿಯ ತಲೆಯೂ ಹೋಗಬಹುದು.

ಮುಳ್ಳುತಂತಿ ಮಾತ್ರ ಬೇಡವೇ ಬೇಡ. ಓಡಿ ಬಂದ ನಾಯಿಗೆ ತಂತಿ ಕಾಣುವುದಿಲ್ಲ, ಮುಧೋಳ ನಾಯಿಯ ತೊಗಲು ತೆಳು, ಒಂದೇ ಗುದ್ದಿಗೆ ಸೀಳಿಬಿಡುತ್ತದೆ. ಹಂದಿ ಕಾಟಕ್ಕೆ ಕಬ್ಬಿನ ಹೊಲಕ್ಕೆ ಹಾಕುವ, ಬೇಲಿ ತಂತಿ ಮುಟ್ಟಿದರೆ ಶಾಕ್ ಹೊಡೆಯುವ ಝಟಕಾ ಮಷೀನನ್ನು ನಾಯಿಗೂ ಬಳಸೋಣ ಅನ್ನುವವರಿದ್ದಾರೆ, ಹೆದರಿದ ನಾಯಿ ತಂತಿ ದಾಟಿ ಆಚೆ ಹೋಯಿತು ಅಂದರೆ ಮತ್ತೆ ಏಟು ಬೀಳುತ್ತೆ ಅಂತ ವಾಪಸ್ ಬರುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದಂತೂ ಅಪರಾಧ, ನಾಯಿಯಷ್ಟೇ ಅಲ್ಲ, ಮನುಷ್ಯರೂ ಸಾಯುತ್ತಾರೆ.

ಊರೊಳಗಿನ ಮನೆ, ಜಾಗ ಕಡಿಮೆ, ಕಟ್ಟಲೇಬೇಕು ಅಂದರೆ ಒಂದು ದಾರಿ ಇದೆ. ಎರಡು ಕಂಬಗಳ ನಡುವೆ ನಿಮ್ಮ ತಲೆಗಿಂತ ಎತ್ತರದಲ್ಲಿ ದಪ್ಪ ತಂತಿ ಬಿಗಿದು, ಅದಕ್ಕೊಂದು ಬಳೆ ಹಾಕಿ, ಆ ಬಳೆಗೆ ಹಗುರ ಸರಪಳಿ ಕಟ್ಟಿ. ನಾಯಿ ಉದ್ದಕ್ಕೆ ಓಡಾಡಬಹುದು. ಕಂಬಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಲ್ಲಿ ತಂತಿಗೆ ತಡೆ ಇರಲಿ, ಸರಪಳಿಗೆ ತಿರುಗುವ ಕೊಂಡಿ ಇರಲಿ. ಗೋಡೆ, ಕಟ್ಟೆ, ಮೆಟ್ಟಿಲು ಯಾವುದೂ ನಾಯಿಗೆ ಎಟುಕಬಾರದು. ಗೋಡೆ ಹಾರಿದ ನಾಯಿ ಆಚೆ ಬದಿ ನೇತುಬಿದ್ದರೆ ಉಸಿರು ಕಟ್ಟಿ ಸಾಯುತ್ತದೆ. ಇದು ಗಂಟೆ ಎರಡು ಗಂಟೆಯ ಮಾತು, ಇಡೀ ದಿನಕ್ಕಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಕಟ್ಟಿದ ನಾಯಿಯನ್ನು ಓಡಾಡಿಸದೇ ಇರುವುದು ಎರಡೂ ತಪ್ಪು.

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನವರಿಗೆ ಇನ್ನೊಂದು ಮಾತು. ಚಿರತೆ ಓಡಾಡುವ ಕಡೆ ರಾತ್ರಿ ಕಟ್ಟಿದ ನಾಯಿಗೆ ಓಡಲೂ ಆಗಲ್ಲ, ಅಡಗಲೂ ಆಗಲ್ಲ. 2022ರಲ್ಲಿ ಬೆಳಗಾವಿ ಊರೊಳಗೇ ಗಾಲ್ಫ್ ಮೈದಾನದ ಹತ್ತಿರ ಚಿರತೆ ಬಂದಿತ್ತು, ನೆನಪಿದೆ ಅಲ್ವಾ? ಅಂಥ ಕಡೆ ರಾತ್ರಿ ಮನೆಯೊಳಗೆ ಕರೆದುಕೊಳ್ಳಿ, ಇಲ್ಲವೇ ಮೇಲೆಯೂ ಜಾಳಿಗೆ ಇರುವ ಗೂಡು ಮಾಡಿಸಿ.

ಬೇಲಿ ಯಾವುದೇ ಇರಲಿ, ನೆರಳಿಲ್ಲದಿದ್ದರೆ ವ್ಯರ್ಥ. ವಿಜಯಪುರ, ಬಾಗಲಕೋಟೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬರೀ ತಗಡಿನ ಗೂಡು ಒಲೆಯಾಗುತ್ತದೆ. ತಗಡಿನ ಮೇಲೆ ಕಬ್ಬಿನ ರವದಿಯನ್ನು (ಒಣ ಎಲೆ) ದಪ್ಪಗೆ ಹೊದಿಸಿ, ಗಾಳಿಯಾಡಲು ಎರಡು ಬದಿ ತೆರೆದಿಡಿ. ಫರಸಿ ಹಾಸಿದ ಕಡೆ ಮಧ್ಯಾಹ್ನ ಬರಿಗಾಲಲ್ಲಿ ನೀವೇ ನಿಂತು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ನೀರಿಗೆ ಮಣ್ಣಿನ ಇಲ್ಲವೇ ಕಲ್ಲಿನ ಬಾನಿ ಇಡಿ, ಸ್ಟೀಲ್ ಬೋಗುಣಿ ಬಿಸಿಲಿಗೆ ಕಾಯುತ್ತದೆ, ಉರುಳಿಯೂ ಬೀಳುತ್ತದೆ.

ಬೇಲಿ ಹಾಕಿದ ಮೊದಲ ವಾರ ನಾಯಿಯನ್ನು ಒಳಗೆ ಬಿಟ್ಟು ನೀವು ಹೊರಟುಹೋಗಬೇಡಿ. ಸಂಜೆ ಆಡುಗಳು ಮನೆಗೆ ಮರಳುವ ಹೊತ್ತಿಗೆ ನೀವೂ ಒಳಗೆ ಕೂತಿರಿ, ನಾಯಿ ಯಾವ ಮೂಲೆಗೆ ಓಡುತ್ತದೋ ಆ ಮೂಲೆಯನ್ನೇ ಮೊದಲು ಭದ್ರ ಮಾಡಿ.